ನಾವು ತೊಳೆದ ಪಾದಗಳು

ಕಳೆದ ಮಾಘದಲ್ಲಿ ನಮ್ಮ ಮನೆತನದ ಗುರು ಅಯ್ಯನವರು ತೀರಿಕೊಂಡರು. ಸುದ್ದಿ ಬಂದಾಗ ನಾನು ಉದಗೀರದಿಂದ ಉಮರಗಾಕ್ಕೆ ಹಿಂದಿರುಗುವ ಬಸ್ಸಿನಲ್ಲಿದ್ದೆ. ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ, ನೆಮ್ಮದಿಯ ಸಾವು, ಎಂದು ಮರಾಠಿ ಸೀಮೆಯ ಗಡಿಯಲ್ಲಿರುವ ನಮ್ಮೂರು ಮುರುಮದಿಂದ ಅಣ್ಣ ಫೋನಿನಲ್ಲಿ ಹೇಳಿದ. ಅವರ ವಿಷಯದಲ್ಲಿ ನೆಮ್ಮದಿ ಎಂಬ ಮಾತನ್ನಾಡುವ ಹಕ್ಕು ನಮ್ಮ ಮನೆಗೆ ಉಳಿದಿದೆಯೇ ಎಂದು ಕೇಳಬೇಕೆನಿಸಿತು. ಬಸ್ಸಿನ ತುಂಬ ಜನ; ಕೇಳಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ತಾಯಿ ಹೋದ ಮೇಲೆ ಅವರನ್ನು ಹೆಸರು ಹಿಡಿದು ಕರೆದವರು ಊರಿನಲ್ಲಿ ಯಾರೂ ಇರಲಿಲ್ಲ. ಬದುಕಿದ್ದಾಗ ನಾವು ಬಳಸದ ಹೆಸರನ್ನು ಸತ್ತ ಮೇಲೆ ಅಚ್ಚಿನಲ್ಲಿ ಬಳಸುವುದು ದೊಡ್ಡ ಗೌರವವೇನೂ ಅಲ್ಲ. ಅಲ್ಲದೆ ಈ ಬರಹದಲ್ಲಿ ತಲೆತಗ್ಗಿಸಬೇಕಾದವರು ಅವರಲ್ಲ. ಅವರನ್ನು ಕರೆಸಿಕೊಂಡು ಪೂಜಿಸಿದ ಮನೆಗಳು. ನಾನು ಹುಟ್ಟಿದ ಮನೆ ಅವುಗಳಲ್ಲಿ ಒಂದು.

ಮುರುಮ ಮತ್ತು ಅದರ ಸುತ್ತಲಿನ ಹಳ್ಳಿಗಳ ಹಲವು ಲಿಂಗಾಯತ ಮನೆಗಳಿಗೆ ಅವರು ವಂಶದಿಂದ ಬಂದ ಜಂಗಮರು. ಕೂಸು ಹುಟ್ಟಿದರೆ, ಹೊಸ ಮನೆ ಕಟ್ಟಿದರೆ, ಮದುವೆಯಾದರೆ, ಯಾರಾದರೂ ಸತ್ತರೆ ಅವರೇ ಬರಬೇಕು. ಬಂದವರು ಬಾಗಿಲಲ್ಲಿ ನಿಂತು ಒಮ್ಮೆ ಕೆಮ್ಮುತ್ತಿದ್ದರು. ಒಳಗೆ ಬಂದು ಕೂತ ಮೇಲೆ ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದರು. ಕನ್ನಡಕ ಹಾಕಿಕೊಂಡರೆ ಮಂದಿಯ ಮಾತು ಕೇಳುವುದಿಲ್ಲ, ಬರೀ ಮುಖ ಕಾಣುತ್ತದೆ ಎಂಬುದು ಅವರ ತಕರಾರು. ಅಡುಗೆಮನೆಯ ಕಡೆ ಮುಖ ಮಾಡಿ, ಒಳಗಿನವರು ಉಂಡಿರೇನು ಎಂದು ಕೇಳುತ್ತಿದ್ದ ಗಂಡಸು ನನ್ನ ಬಾಲ್ಯದಲ್ಲಿ ಅವರೊಬ್ಬರೇ. ಹೆಂಗಸರು ಉಂಡಿರುತ್ತಿರಲಿಲ್ಲ. ಅಯ್ಯನವರ ಊಟ ಮುಗಿಯದೆ ಗಂಡಸರು ಉಣ್ಣುವಂತಿಲ್ಲ, ಗಂಡಸರದು ಮುಗಿಯದೆ ಹೆಂಗಸರು ಉಣ್ಣುವಂತಿಲ್ಲ. ಉತ್ತರ ಗೊತ್ತಿದ್ದೂ ಅವರು ಪ್ರತಿಸಲ ಕೇಳುತ್ತಿದ್ದರು. ಕೇಳಿದ ಮೇಲೆ ಬೇಗ ಬೇಗ ಉಣ್ಣುತ್ತಿದ್ದರು.

ಜಂಗಮರ ಊಟಕ್ಕೊಂದು ಕಟ್ಟಳೆಯಿದೆ. ತಾಟಿಗೆ ಬಿದ್ದದ್ದು ಪ್ರಸಾದ, ಬಿಡುವಂತಿಲ್ಲ. ಕೊನೆಗೆ ತಾಟಿಗೆ ನೀರು ಹಾಕಿ, ಬೆರಳಿನಿಂದ ತೊಳೆದು ಆ ನೀರನ್ನೂ ಕುಡಿಯಬೇಕು. ಈ ನಿಯಮವನ್ನು ಮಾಡಿದವರು ಹಸಿವನ್ನು ಬಲ್ಲವರಾಗಿದ್ದಿರಬೇಕು; ನಾನು ಅದನ್ನು ಗೌರವಿಸುತ್ತೇನೆ. ಆದರೆ ನಾವು ಆ ನಿಯಮದ ಒಂದು ತುದಿಯನ್ನು ಮಾತ್ರ ಹಿಡಿದುಕೊಂಡೆವು. ಬಿಡದೆ ಉಣ್ಣುವುದು ಉಣ್ಣುವವರ ಧರ್ಮವಾದರೆ, ಅಳತೆಯರಿತು ಬಡಿಸುವುದು ಬಡಿಸುವವರ ಧರ್ಮ. ಅದನ್ನು ನಾವು ಮರೆತೆವು. ಮರೆತೆವು ಎನ್ನುವುದು ಕೂಡ ನಮಗೆ ನಾವೇ ತೋರಿಸುವ ದಯೆ. ಅಯ್ಯನವರ ತಾಟಿಗೆ ಯಾರ ಮನೆಯಲ್ಲಿ ಹೆಚ್ಚು ಹೋಳಿಗೆ ಬಿದ್ದಿತೋ ಅವರ ಮನೆಯಲ್ಲಿ ಭಕ್ತಿ ಹೆಚ್ಚು ಎಂಬ ಪೈಪೋಟಿ ನಮ್ಮಲ್ಲಿ ಬಹಿರಂಗವಾಗಿಯೇ ಇತ್ತು. ಶ್ರಾವಣದಲ್ಲಿ ಅವರು ಒಂದು ಮನೆಯ ಪಾದಪೂಜೆ ಮುಗಿಸಿ ಮತ್ತೊಂದು ಮನೆಗೆ ಹೋಗಬೇಕಾಗುತ್ತಿತ್ತು. ಎಲ್ಲ ಕಡೆಯೂ ಹೂರಣದ ಹೋಳಿಗೆ, ಅದರ ಮೇಲೆ ತುಪ್ಪ, ಬಟ್ಟಲಲ್ಲಿ ಹಾಲು, ಕೊನೆಗೆ ಅನ್ನ. ಹೋಗುವಾಗ ಚಹಾ. ಅವರು ಕೈ ಅಡ್ಡ ಹಿಡಿದರೆ ಬಡಿಸುವವರು ಬೆರಳ ಸಂದಿಯಲ್ಲಿ ತುಪ್ಪ ಸುರಿಯುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಅವರೂ ನಗುತ್ತಿದ್ದರು.

ನಾನು ಪಾದಪೂಜೆಯನ್ನು ವಿರೋಧಿಸುವವಳು. ಒಬ್ಬ ಮನುಷ್ಯನ ಕಾಲು ತೊಳೆದ ನೀರನ್ನು ಇನ್ನೊಬ್ಬ ಮನುಷ್ಯ ತೀರ್ಥವೆಂದು ಸ್ವೀಕರಿಸುವುದು ಇಬ್ಬರ ಮನುಷ್ಯತ್ವಕ್ಕೂ ಕುಂದು ಎಂದು ಓದುವ ದಿನಗಳಲ್ಲೇ ನಂಬಿದೆ, ಇಂದಿಗೂ ನಂಬುತ್ತೇನೆ. ಉಮರಗಾ, ನಿಲಂಗಾ, ಉದಗೀರಗಳಲ್ಲಿ ಹೆಂಗಸರ ಆರೋಗ್ಯಕ್ಕಾಗಿ ಕೆಲಸ ಮಾಡುವ ಸಂಘಟನೆಗೆ ಸೇರಿದ ಮೇಲೆ ಇದನ್ನು ವೇದಿಕೆಗಳಲ್ಲೂ ಹೇಳಿದೆ. ಊರಿನಲ್ಲಿ ಹಲವರು ನನ್ನೊಡನೆ ಮಾತು ಬಿಟ್ಟರು. ಅಯ್ಯನವರು ಬಿಡಲಿಲ್ಲ. ಕಂಡಾಗಲೆಲ್ಲ, ಈ ಸಲ ಯಾವ ಊರಿನಲ್ಲಿ ನನ್ನ ಕಾಲು ಎಳೆದು ಬಂದೆ ತಂಗಿ ಎಂದು ಕೇಳುತ್ತಿದ್ದರು. ಅವರ ಮಾತಿನಲ್ಲಿ ಕೊಂಕಿರಲಿಲ್ಲ. ನಾನು ಸಮಾನತೆಯ ಬಗ್ಗೆ ಹೇಳಿದ್ದನ್ನೆಲ್ಲ ಪೂರ್ತಿ ಕೇಳಿ, ಅದೆಲ್ಲ ಖರೆ, ಆದರೆ ಮಂದಿಗೆ ಬಗ್ಗುವುದಕ್ಕೆ ಒಂದು ಜಾಗ ಬೇಕಾಗುತ್ತದೆ, ನನ್ನ ಕಾಲು ಬಿಟ್ಟರೆ ಸಾಹುಕಾರನ ಕಾಲು ಹಿಡಿಯುತ್ತಾರೆ ಎನ್ನುತ್ತಿದ್ದರು. ಈ ವಾದವನ್ನು ನಾನು ಒಪ್ಪಿಲ್ಲ. ಮರೆತೂ ಇಲ್ಲ.

ಅವರಿಗೆ ಸಕ್ಕರೆ ಕಾಯಿಲೆ ಇದೆಯೆಂಬುದು ಗುಟ್ಟಾಗಿರಲಿಲ್ಲ. ಗೊತ್ತಾದ ವರ್ಷವೇ ಮನೆಮನೆಗೂ ತಾವೇ ಹೇಳಿದ್ದರು. ಮನೆಗಳು ಅದನ್ನು ಶ್ರದ್ಧೆಯಿಂದ ಕೇಳಿಸಿಕೊಂಡವು. ನನ್ನ ತಾಯಿ ಅಂದಿನಿಂದ ಅವರ ಚಹಾಕ್ಕೆ ಸಕ್ಕರೆ ಹಾಕಲಿಲ್ಲ, ಬೆಲ್ಲ ಹಾಕಿದಳು. ಹೋಳಿಗೆಯಂತೂ ಮೊದಲಿನಿಂದಲೂ ಬೆಲ್ಲದ್ದೇ. ರೋಗದ ಹೆಸರು ಸಕ್ಕರೆ, ಆದ್ದರಿಂದ ಶತ್ರು ಬಿಳಿಯ ಸಕ್ಕರೆಯೊಂದೇ. ನಮ್ಮ ಗಾಣದಲ್ಲಿ, ನಮ್ಮ ಕಣ್ಣೆದುರು ಕಾದು ಗಟ್ಟಿಯಾದ ಬೆಲ್ಲ ಯಾರಿಗೆ ಏನು ಮಾಡೀತು? ಕಬ್ಬಿನ ಸೀಮೆಯ ಜನ ಮಾತ್ರ ಮಾಡಬಲ್ಲ ತಪ್ಪು ಇದು. ಉಪವಾಸದ ದಿನ ಸಾಬುದಾಣಿ ಖಿಚಡಿ, ಬಾಳೆಹಣ್ಣು, ಖರ್ಜೂರ. ಅದು ಊಟವಲ್ಲ, ಉಪವಾಸ. ಜೋಳದ ರೊಟ್ಟಿ, ಪುಂಡಿಪಲ್ಲೆ ಅವರಿಗೆ ಎಲ್ಲಕ್ಕಿಂತ ಇಷ್ಟ, ಎಲ್ಲಕ್ಕಿಂತ ಹಿತ. ಆದರೆ ಅಯ್ಯನವರಿಗೆ ರೊಟ್ಟಿ ಬಡಿಸಿದರು ಎಂಬ ಮಾತು ಬಂದರೆ ಮನೆತನದ ಮಾನ ಹೋಗುತ್ತದೆ. ನಡೆದೇ ಹಳ್ಳಿ ಸುತ್ತುತ್ತಿದ್ದವರಿಗೆ ಭಕ್ತರು ಸೇರಿ ಒಂದು ಮೋಟಾರ್‌ಸೈಕಲ್ ಕೊಡಿಸಿದರು; ಅವರ ಅಣ್ಣನ ಮಗ ಅದನ್ನು ನಡೆಸುತ್ತಿದ್ದ, ಇವರು ಹಿಂದೆ ಕೂರುತ್ತಿದ್ದರು. ದಿನದ ನಡಿಗೆಯೂ ಹೀಗೆ ಪ್ರೀತಿಯಿಂದಲೇ ನಿಂತಿತು. ಉಳಿದದ್ದು ಅವರು ಅಗಿಯುತ್ತಿದ್ದ ತಂಬಾಕು. ಅದು ನಮ್ಮ ತಪ್ಪಲ್ಲ ಎನ್ನಬಹುದಿತ್ತು, ದಕ್ಷಿಣೆಯ ತಟ್ಟೆಯಲ್ಲಿ ಎಲೆ ಅಡಿಕೆಯ ಪಕ್ಕ ಅದನ್ನೂ ಇಡುವ ಮನೆಗಳು ನಮ್ಮಲ್ಲಿಲ್ಲದಿದ್ದರೆ.

ಒಂದು ಮಧ್ಯಾಹ್ನ ಅವರು ಉಮರಗಾದಲ್ಲಿ ನಾನಿರುವ ಮನೆಗೆ ಒಬ್ಬರೇ ಬಂದರು. ಕನ್ನಡಕ ತೆಗೆಯಲಿಲ್ಲ. ಕಾಲುಗಳು ಉರಿಯುತ್ತವೆ ಎಂದರು. ಹೊದಿಕೆಯ ಅಂಚು ತಾಗಿದರೂ ತಡೆಯಲಾಗುವುದಿಲ್ಲ, ಆದ್ದರಿಂದ ಪಾದಗಳನ್ನು ಹಾಸಿಗೆಯ ಹೊರಗಿಟ್ಟು ಮಲಗುತ್ತೇನೆ ಎಂದರು. ಹಗಲು ಹೇಗಿರುತ್ತದೆ ಎಂದು ಕೇಳಿದೆ.

“ಹಗಲಿಗಿ ಕಾಲೇ ಇಲ್ದಂಗ ಇರ್ತದ ತಂಗಿ. ಹತ್ತಿ ಮ್ಯಾಲ ನಡದಂಗ. ರಾತ್ರಿ ಆತಂದ್ರ ಮೈ ಎಲ್ಲಾ ಹೋಗಿ ಬರೀ ಕಾಲಷ್ಟೇ ಉಳದಂಗ ಆಗ್ತದ.”

ಕರೆದುಕೊಂಡು ಹೋದೆ. ಡಾಕ್ಟರು ತರುಣರು, ಒಳ್ಳೆಯವರು, ಅವಸರದವರು. ಅಯ್ಯನವರನ್ನು ಮಲಗಿಸಿ, ಕಣ್ಣು ಮುಚ್ಚಿಸಿ, ನೈಲಾನ್ ಎಳೆಯೊಂದರಿಂದ ಪಾದದಲ್ಲಿ ಅಲ್ಲಲ್ಲಿ ಮುಟ್ಟುತ್ತೇನೆ, ತಿಳಿದಾಗ ಹೂಂ ಎನ್ನಿ ಎಂದು ಮರಾಠಿಯಲ್ಲಿ ಹೇಳಿದರು. ಹೆಬ್ಬೆರಳು, ಹಿಮ್ಮಡಿ, ಅಂಗಾಲಿನ ನಡು. ಎಳೆ ಬಾಗುವವರೆಗೂ ಒತ್ತಿದರು. ಅಯ್ಯನವರು ಕಣ್ಣು ಮುಚ್ಚಿಕೊಂಡು ವಿಧೇಯರಾಗಿ ಕಾದರು. ಎರಡೂ ಪಾದಗಳು ಮುಗಿದು ಡಾಕ್ಟರು ಎಳೆಯನ್ನು ಮೇಜಿನ ಮೇಲಿಟ್ಟರು. ಆಗ ಅಯ್ಯನವರು ಕಣ್ಣು ತೆರೆಯದೆಯೇ ಹೇಳಿದರು.

“ಶುರು ಮಾಡ್ರಿ ಸಾಹೇಬ್ರ.”

ಡಾಕ್ಟರು ನನ್ನ ಮುಖ ನೋಡಿದರು. ಆಮೇಲೆ ಅವಸರವನ್ನು ಬಿಟ್ಟು ಕೂತು ವಿವರಿಸಿದರು. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಏರಿಯೇ ಇದ್ದರೆ ನರಗಳು ಒಳಗೊಳಗೇ ಹಾಳಾಗುತ್ತವೆ. ಪಾದಕ್ಕೆ ಹೋಗುವ ನರ ಎಲ್ಲಕ್ಕಿಂತ ಉದ್ದ, ಆದ್ದರಿಂದ ಮೊದಲು ಅದು ಕೆಡುತ್ತದೆ. ಉರಿಯೂ ಅದರದೇ, ಮರಗಟ್ಟುವುದೂ ಅದರದೇ. ತಂಬಾಕು ರಕ್ತನಾಳಗಳನ್ನು ಕಿರಿದು ಮಾಡಿ ಆ ನರಗಳಿಗೆ ಸಿಗುವ ರಕ್ತವನ್ನೂ ಕಸಿಯುತ್ತದೆ. ಸಕ್ಕರೆಯಷ್ಟೇ ಬೆಲ್ಲ, ಅನ್ನ, ಸಾಬುದಾಣಿ, ಮೈದಾ. ದೇಹಕ್ಕೆ ಎಲ್ಲವೂ ಕೊನೆಗೆ ಒಂದೇ. ಹೊತ್ತಿಗೆ ಸರಿಯಾಗಿ ಅಳತೆಯ ಊಟ, ರೊಟ್ಟಿ, ಸೊಪ್ಪು, ಕಾಳು, ಮಜ್ಜಿಗೆ. ದಿನವೂ ಮೆತ್ತನೆಯ ಚಪ್ಪಲಿ ಹಾಕಿಕೊಂಡು ನಡಿಗೆ. ಇಷ್ಟು ಮಾಡಿದರೆ ಉರಿ ಇಳಿಯಬಹುದು, ಹೋದ ಸ್ಪರ್ಶ ಬರುತ್ತದೆಂದು ಹೇಳಲಾರೆ ಎಂದರು. ಮಾತ್ರೆಗಳನ್ನು ಬರೆದುಕೊಟ್ಟರು, ಒಂದು ಜೀವಸತ್ವವೂ ಕಡಿಮೆಯಿದೆ ಎಂದು ಸೂಜಿ ಕೊಟ್ಟರು. ಬರಿಗಾಲಲ್ಲಿ ಎಲ್ಲಿಯೂ ನಡೆಯಬಾರದು. ಸಂಜೆ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಬೇಕು. ಕಾಲಿಗೆ ನೀರು ಹಾಕುವ ಮುನ್ನ ಅದರ ಬಿಸಿಯನ್ನು ಮೊಣಕೈಯಿಂದ ಪರೀಕ್ಷಿಸಬೇಕು.

ಅಂಥ ಚಪ್ಪಲಿಯನ್ನು ಅಂದೇ ಕೊಂಡೆವು. ಮೆತ್ತನೆಯ ಕಪ್ಪು ರಬ್ಬರಿನದು, ಹಿಂದೆ ಪಟ್ಟಿಯಿರುವಂಥದು. ಅದು ಅವರ ಮನೆಯಲ್ಲಿ ಮಂಚದ ಕೆಳಗೇ ಉಳಿಯಿತು. ನಮ್ಮ ಕಡೆ ಅಂಥ ಚಪ್ಪಲಿಯನ್ನು ಕುಷ್ಠರೋಗ ಬಂದುಹೋದವರ ಕಾಲಲ್ಲಿ ಮಾತ್ರ ಜನ ನೋಡಿದ್ದಾರೆ. ಜಂಗಮರ ಕಾಲಲ್ಲಿ ಅದನ್ನು ಕಂಡರೆ ಊರು ಏನೆನ್ನುತ್ತದೆಂದು ಅವರಿಗೆ ತಿಳಿದಿತ್ತು. ಕುಷ್ಠ ಬಂದವರನ್ನು ಅಷ್ಟು ಕಾಲ ಊರ ಹೊರಗಿಟ್ಟ ನಮ್ಮ ಪಾಪ ಹೀಗೆ ಸುತ್ತಿಕೊಂಡು ಅವರ ಪಾದಕ್ಕೆ ಬಂತು. ಸಕ್ಕರೆ ಕಾಯಿಲೆಯನ್ನು ಹೇಳಿಕೊಂಡ ಮನುಷ್ಯ, ಪಾದದ ಸ್ಪರ್ಶ ಹೋಗಿದೆ ಎಂಬುದನ್ನು ಹೇಳಲಾರದೆ ಹೋದರು. ಮುರುಮದಲ್ಲಿ ಯಾರಿಗೂ ಬಾಯಿ ಬಿಡಬಾರದೆಂದು ನನ್ನಿಂದ ಮಾತು ಪಡೆದರು. ಮಂದಿ ಕೈ ಮುಗಿಯುವುದೇ ಆ ಕಾಲಿಗೆ, ಅದರಲ್ಲಿ ಜೀವ ಇಲ್ಲವೆಂದು ಹೇಗೆ ಹೇಳಲಿ ಎಂದರು. ರೋಗವನ್ನು ನಾಚಿಕೆಯ ಸಂಗತಿ ಮಾಡಿದ ಸಮಾಜದ ಬಗ್ಗೆ ನಾನು ಎಷ್ಟೋ ಭಾಷಣ ಮಾಡಿದ್ದೇನೆ. ಆ ಮಧ್ಯಾಹ್ನ ಅವರು ಕೇಳಿದ ಮಾತನ್ನು ಕೊಟ್ಟುಬಿಟ್ಟೆ.

ಆ ಚಳಿಗಾಲ ಊರ ಹೊರಗಿನ ತೋಟದಲ್ಲಿ ಕಬ್ಬಿನ ದೊಡ್ಡ ಬೆಳೆಗಾರರೊಬ್ಬರ ಹೊಸ ಮನೆಯ ಪ್ರವೇಶವಿತ್ತು. ಬೆಳಗಿನ ಹೊತ್ತು. ಪಾದಪೂಜೆಗೆ ನೀರಿಡುವ ಕೆಲಸ ಆ ಮನೆಯ ಸೊಸೆಯದು. ಔರಾದ ಶಹಾಜನಿಯಿಂದ ಬಂದ, ಇಪ್ಪತ್ತರ ಆಚೀಚಿನ ಹುಡುಗಿ. ವಯಸ್ಸಾದವರ ಕಾಲಿಗೆ ತಣ್ಣೀರು ಹಾಕಲು ಅವಳಿಗೆ ಮನಸ್ಸಾಗಲಿಲ್ಲ. ಒಲೆಯ ಮೇಲೆ ಕಾಯಿಸಿದಳು, ಕೈಯಾಡಿಸಿ ನೋಡಿದಳು, ತಂದು ಅಗಲ ತಟ್ಟೆಯಂಥ ಪರಾತದಲ್ಲಿದ್ದ ಪಾದಗಳ ಮೇಲೆ ಸುರಿದಳು. ಅಯ್ಯನವರು ಮಂತ್ರ ಹೇಳುತ್ತಿದ್ದರು, ಹೇಳುತ್ತಲೇ ಇದ್ದರು. ಪಾದ ಕೆಂಪಾದದ್ದನ್ನು ಅರಿಶಿನ ಕುಂಕುಮಗಳಡಿಯಲ್ಲಿ ಯಾರೂ ಗಮನಿಸಲಿಲ್ಲ. ಪೂಜೆ ಸಾಂಗವಾಯಿತು, ಹೋಳಿಗೆಯ ಊಟವಾಯಿತು. ಸಂಜೆ ಮನೆಯಲ್ಲಿ ಅಮ್ಮನವರು, ಅಂದರೆ ಅವರ ಹೆಂಡತಿ, ಧೋತರದ ಅಂಚು ಒದ್ದೆಯಾಗಿದೆಯಲ್ಲ ಎಂದು ನೋಡಿದಾಗ ಬೊಬ್ಬೆಗಳು ಒಡೆದಿದ್ದವು.

ಅಯ್ಯನವರು ಅದನ್ನೂ ಮುಚ್ಚಿಟ್ಟರು. ಡಾಕ್ಟರ ಹತ್ತಿರ ಹೋದರೆ ಹೇಗೆ ಸುಟ್ಟಿತೆಂದು ಕೇಳುತ್ತಾರೆ, ಹೇಳಿದರೆ ಆ ಹುಡುಗಿಯ ಮೇಲೆ ಬರುತ್ತದೆ. ಅರಿಶಿನ, ಎಣ್ಣೆ, ಬೂದಿ, ಎಲ್ಲವೂ ಆದವು. ಗಾಯ ಒಳಗೆ ಇಳಿಯಿತು. ಜ್ವರ ಏರಿದ ಮೇಲೆ ಅಮ್ಮನವರು ನನಗೆ ಫೋನು ಮಾಡಿದರು. ಸೋಲಾಪುರದ ಆಸ್ಪತ್ರೆಯಲ್ಲಿ ಬಲಗಾಲಿನ ಎರಡು ಬೆರಳುಗಳನ್ನು ತೆಗೆದರು. ಇಡೀ ಪಾದ ಉಳಿಯಬೇಕಾದರೆ ಇನ್ನು ಮುಂದೆ ಒಂದು ಅಜಾಗರೂಕತೆಯೂ ನಡೆಯದು ಎಂದು ಎಚ್ಚರಿಸಿ ಕಳಿಸಿದರು.

ಅಷ್ಟರಲ್ಲಿ, ಆಸ್ಪತ್ರೆಗೆ ನೋಡಲು ಬಂದವರ ಬಾಯಿಂದ ಸುದ್ದಿ ಊರು ಸೇರಿತ್ತು, ನಾವು ಅಂಜಿದ್ದ ರೂಪದಲ್ಲೇ ಸೇರಿತ್ತು. ಜಂಗಮರ ಪಾದ ಸುಟ್ಟ ಮನೆಗೆ ದೋಷ ತಗಲಿದೆ, ಸುಟ್ಟವಳು ಸೊಸೆ. ಅವಳು ಒಂದು ವರ್ಷ ದೇವರ ಕೋಣೆಗೆ ಕಾಲಿಡಬಾರದು, ನೀರಿನ ಕೊಡ ಮುಟ್ಟಬಾರದು. ಬಂಧುಗಳೆಲ್ಲರ ಎದುರು ಅಯ್ಯನವರ ಪಾದದ ಮೇಲೆ ಹಣೆಯಿಟ್ಟು ತಪ್ಪೊಪ್ಪಿಕೊಳ್ಳಬೇಕು. ಅವಳನ್ನು ತವರಿಗೆ ಕಳಿಸುವ ಮಾತೂ ನಡೆದಿತ್ತು. ಇದೆಲ್ಲ ಹಿಂಸೆ. ಹೆಣ್ಣಿನ ಮೇಲೆ ಹೊರಿಸಲು ಅನುಕೂಲವಾದ ತಪ್ಪು ಸಿಕ್ಕಾಗ ನಮ್ಮ ಜನ ತೋರಿಸುವ ಉತ್ಸಾಹಕ್ಕೆ ಧರ್ಮವೆಂದು ಹೆಸರಿಡುವುದನ್ನು ಇನ್ನಾದರೂ ನಿಲ್ಲಿಸಬೇಕು.

ಅಯ್ಯನವರ ಮುಂದಿದ್ದದ್ದು ಎರಡೇ ದಾರಿ. ಸುಮ್ಮನೆ ಹೋಗಿ ಕೂತು ಕ್ಷಮಿಸಿದರೆ ಅವರ ಮಾನ, ಅವರ ಮನೆಗಳು, ಬದುಕು ಉಳಿಯುತ್ತಿದ್ದವು. ತಪ್ಪು ಅವಳದೆಂದು ಶಾಶ್ವತವಾಗಿ ನಿಲ್ಲುತ್ತಿತ್ತು. ನಿಜ ಹೇಳಿದರೆ ಅವಳು ಉಳಿಯುತ್ತಿದ್ದಳು. ನೀವು ಹೇಳದಿದ್ದರೆ ಕೊಟ್ಟ ಮಾತನ್ನು ಮುರಿದು ನಾನು ಹೇಳುತ್ತೇನೆ ಎಂದೆ. ನೀನು ಹೇಳಿದರೆ ಭಾಷಣ ಆಗುತ್ತದೆ, ಸುಮ್ಮನೆ ನನ್ನ ಜೊತೆ ಬಾ ಎಂದರು.

ಆ ಮನೆಯ ಪಡಸಾಲೆಯಲ್ಲಿ ಬಂಧುಗಳು ತುಂಬಿದ್ದರು. ಸೊಸೆ ಕಂಬದ ಬಳಿ ಸೆರಗು ಹೊದ್ದು ನಿಂತಿದ್ದಳು. ಅತ್ತೆ ಅವಳನ್ನು ರಟ್ಟೆ ಹಿಡಿದು ಮುಂದೆ ತಂದು, ಅಯ್ಯನವರಿಗೆ ಕೈ ಮುಗಿದರು.

“ಅಯ್ನೋರ, ಸಣ್ಣಾಕಿ ಅದಾಳ. ಆಕಿ ತಪ್ಪು ಹೊಟ್ಯಾಗ ಹಾಕ್ಕೋರಿ.”

“ಹೊಟ್ಯಾಗ ಹಾಕ್ಕೊಂಡಿದ್ದೇ ಭಾಳ ಆಗ್ಯಾದ ಯವ್ವಾ,” ಎಂದರು ಅಯ್ಯನವರು. ಒಂದಿಬ್ಬರು ನಕ್ಕರು, ನಗುವುದು ಸರಿಯೋ ಅಲ್ಲವೋ ತಿಳಿಯದೆ ನಿಲ್ಲಿಸಿದರು.

ಅವರು ಬಾಗಿ, ಕಾಲಿಗೆ ಸುತ್ತಿದ್ದ ಬಟ್ಟೆಯನ್ನು ತಾವೇ ಬಿಚ್ಚಿದರು. ಬೆರಳುಗಳಿಲ್ಲದ ಜಾಗ ಎಲ್ಲರಿಗೂ ಕಂಡಿತು. ಹೆಂಗಸರು ಮುಖ ತಿರುಗಿಸಿದರು.

“ನೋಡ್ರಿ. ಇದು ನೀರಿಗಿ ಹೋಗಿದ್ದಲ್ಲ. ನನ್ನ ಕಾಲಿಗಿ ಬಿಸಿ ತಿಳಿಯಂಗಿಲ್ಲ, ತಂಪ ತಿಳಿಯಂಗಿಲ್ಲ. ಭಾಳ ದಿನ ಆತು. ಡಾಕ್ಟರ ಹೇಳಿದ್ದರು, ನಾ ಮುಚ್ಚಿಟ್ಟೆ. ಬ್ಯಾನಿ ನಂದು, ತಂಬಾಕ ನಂದು, ಬ್ಯಾಡ ಅನ್ಲಾರದ ನಾಲಿಗಿ ನಂದು. ಈ ಕೂಸಿಂದು ಏನದ?”

ಸೊಸೆ ಆಗ ಮೊದಲ ಸಲ ಬಾಯಿ ತೆರೆದಳು. ಅವತ್ತು ನೀರಿಗೆ ಕೈಯಿಟ್ಟು ನೋಡಿದ್ದೆ, ಬೆಚ್ಚಗಷ್ಟೇ ಅನಿಸಿತ್ತು ಎಂದು ತಡೆತಡೆದು ಹೇಳಿದಳು. ಅಯ್ಯನವರು ಅವಳ ಅಂಗೈಯನ್ನು ತೋರಿಸಲು ಹೇಳಿ, ಕನ್ನಡಕ ಏರಿಸಿ ನೋಡಿದರು. ಮನೆಮಂದಿಗೆಲ್ಲ ದಿನವೂ ಕಾದ ಹಂಚಿನ ಮೇಲೆ ರೊಟ್ಟಿ ತಿರುವಿ ತಿರುವಿ ಅದು ಹಲಗೆಯಂತಾಗಿತ್ತು.

“ನಿನ್ನ ಕೈಗಿ ತಿಳೀಲಿಲ್ಲ, ನನ್ನ ಕಾಲಿಗಿ ತಿಳೀಲಿಲ್ಲ. ನಂದೂ ನಿಂದೂ ಒಂದೇ ಹಣೇಬರ ತಾಯಿ.”

ಇಲ್ಲಿ ಈ ಕಥೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಮೂಲೆಯಿಂದ ಆ ಮನೆಯ ಹಿರಿಯರು, ಅತ್ತೆಯ ಗಂಡ, ಗಂಟಲು ಸರಿಪಡಿಸಿಕೊಂಡು ಕೇಳಿದರು.

“ಹಂಗಾದ್ರ ಅಯ್ನೋರ, ಇಷ್ಟ ದಿನ ನಮ್ಮ ಕೈಲೆ ಎಂಥಾ ಕಾಲು ತೊಳಿಸ್ಕೊಂಡ್ರಿ?”

ಪಡಸಾಲೆಯಲ್ಲಿ ಯಾರೂ ಅವರನ್ನು ಗದರಲಿಲ್ಲ. ಅಯ್ಯನವರು ಬಟ್ಟೆಯನ್ನು ನಿಧಾನವಾಗಿ ಮತ್ತೆ ಸುತ್ತಿಕೊಂಡರು. ಸೊಸೆ ಆ ಮನೆಯಲ್ಲೇ ಉಳಿದಳು. ದೇವರ ಕೋಣೆಯ ನೀರು ಮಾತ್ರ ಅವಳ ಕೈಗೆ ಮರಳಲು ಬಹಳ ಕಾಲ ಹಿಡಿಯಿತೆಂದು ಕೇಳಿದ್ದೇನೆ.

ಅಂಗ ಊನವಾದ ಜಂಗಮರಿಗೆ ಪಾದಪೂಜೆ ಮಾಡಬಾರದೆಂಬ ಶಾಸ್ತ್ರವೊಂದು ಆಮೇಲೆ ಊರಿನಲ್ಲಿ ಹುಟ್ಟಿತು. ಅದನ್ನು ಎಲ್ಲಿ ಓದಿದಿರಿ ಎಂದು ನಾನು ಕೇಳಿದವರೆಲ್ಲ ಇನ್ನೊಬ್ಬರತ್ತ ಕೈ ತೋರಿಸಿದರು. ಒಂದೊಂದಾಗಿ ಮನೆಗಳು ಕರೆಯುವುದನ್ನು ನಿಲ್ಲಿಸಿ, ಅವರ ಅಣ್ಣನ ಮಗನನ್ನು ಕರೆಯತೊಡಗಿದವು. ಮುಖದ ಮೇಲೆ ಹೇಳುವ ಧೈರ್ಯ ಯಾವ ಮನೆಗೂ ಇರಲಿಲ್ಲ. ವಿಶ್ರಾಂತಿ ತಗೊಳ್ಳಿ ಎಂದವು. ನನ್ನ ಅಣ್ಣನೂ ಹಾಗೆಯೇ ಹೇಳಿದ. ಅವನಿಗೂ ನನಗೂ ಜಗಳವಾಯಿತು. ಪಾದಪೂಜೆಯೇ ಬೇಡವೆನ್ನುವವಳಿಗೆ ಯಾರ ಪಾದವಾದರೇನು ಎಂದ. ನಾನು ತೊಲಗಬೇಕೆಂದು ಬಯಸಿದ್ದ ಪದ್ಧತಿ ಎಲ್ಲಿಯೂ ತೊಲಗಲಿಲ್ಲ. ತೊಲಗಿದವರು ಒಬ್ಬ ಮನುಷ್ಯ ಮಾತ್ರ.

ಇನ್ನು ಬರೆಯಬೇಕಾದದ್ದು ನನಗೆ ಎಲ್ಲಕ್ಕಿಂತ ಕಷ್ಟದ್ದು. ಅಯ್ಯನವರ ಆರೋಗ್ಯ ಸುಧಾರಿಸಿತು.

ಕರೆ ಬರುವುದು ನಿಂತ ಮೇಲೆ ಅವರು ಮನೆಯಲ್ಲೇ ಉಣ್ಣತೊಡಗಿದರು. ಹೊತ್ತಿಗೆ ಸರಿಯಾಗಿ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಲೆ, ಹೆಸರುಕಾಳಿನ ಉಸುಳಿ, ಮಜ್ಜಿಗೆ. ತಂಬಾಕನ್ನು ಸೋಲಾಪುರದಲ್ಲೇ ಬಿಟ್ಟಿದ್ದರು. ಮುಚ್ಚಿಡಬೇಕಾದದ್ದು ಏನೂ ಉಳಿಯದ ಕಾರಣ ಮಂಚದ ಕೆಳಗಿನ ಚಪ್ಪಲಿ ಹೊರಗೆ ಬಂತು. ಗಾಯ ಪೂರ್ತಿ ಮಾಯ್ದ ಮೇಲೆ, ಡಾಕ್ಟರ ಒಪ್ಪಿಗೆ ಪಡೆದು, ಬೀರಪ್ಪ ದೇವರ ಒಕ್ಕಲಿನ ಕುರಿಗಾರರೊಬ್ಬರ ಜೊತೆ ಸಂಜೆ ಕೊಯ್ಲಾದ ಹೊಲಗಳ ಬದುವಿನಲ್ಲಿ ನಡೆಯುತ್ತಿದ್ದರು. ಊರಿನಲ್ಲಿ ಅವರ ಜೊತೆ ನಡೆಯಲು ಸಂಕೋಚಪಡದವರು ಆ ಕುರಿಗಾರರೊಬ್ಬರೇ. ಹಿಂದಿರುಗಿದ ಮೇಲೆ ಅಮ್ಮನವರು ಬೆಳಕಿನಲ್ಲಿ ಕನ್ನಡಿ ಹಿಡಿದು ಅಂಗಾಲು ನೋಡುತ್ತಿದ್ದರು. ಅಷ್ಟೊಂದು ಮಂದಿ ತೊಳೆದು, ಒರೆಸಿ, ಹೂವಿಟ್ಟ ಪಾದವನ್ನು ತಿರುಗಿಸಿ ನೋಡಿದವರು ಅವರೊಬ್ಬರೇ ಎಂದು ನನಗೆ ಆಗ ಹೊಳೆಯಿತು. ಉರಿ ಮೆಲ್ಲಗೆ ಇಳಿಯಿತು. ಸ್ಪರ್ಶ ಮರಳಲಿಲ್ಲ. ಆದರೆ ಪಾದಗಳ ಮೇಲೆ ಹೊದಿಕೆ ಹೊದ್ದು ಅವರು ನಿದ್ದೆ ಮಾಡತೊಡಗಿದರು. ಡಾಕ್ಟರು ಮಾತ್ರೆಗಳನ್ನು ಕಡಿಮೆ ಮಾಡಿದರು.

ಇದನ್ನು ಜನ ಕೇಳಬೇಕೆಂದು ನಾನೇ ಅವರನ್ನು ನಿಲಂಗಾದಲ್ಲಿ ನಡೆದ ನಮ್ಮ ಶಿಬಿರಕ್ಕೆ ಕರೆದುಕೊಂಡು ಹೋದೆ. ಸಕ್ಕರೆ ಕಾಯಿಲೆಯವರೇ ತುಂಬಿದ್ದ ಸಭೆ. ಊಟ, ನಡಿಗೆ, ತಂಬಾಕು, ಪಾದದ ಆರೈಕೆ, ಎಲ್ಲವನ್ನೂ ಅವರು ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ನಗಿಸುತ್ತ ಹೇಳಿದರು. ಮುಂದಿನ ಸಾಲಿನ ಒಬ್ಬ ಹೆಂಗಸು ಎದ್ದು, ಅದೆಲ್ಲ ಖರೆ, ಆದರೆ ಮಂದಿಯ ಮನೆಯಲ್ಲಿ ಹೋಳಿಗೆ ಬಡಿಸಲು ಬಂದರೆ ಬೇಡವೆಂದು ಹೇಗೆ ಅಂದಿರಿ, ನಮಗಂತೂ ಬಾಯಿ ಬರುವುದಿಲ್ಲ ಎಂದು ಕೇಳಿದಳು.

“ನಾ ಎಲ್ಲಿ ಅಂದೆನವ್ವಾ? ಮಂದಿನೇ ನನಗ ಬ್ಯಾಡ ಅಂದ್ರು.”

ಸಭೆ ನಕ್ಕಿತು. ಅದನ್ನು ಚಮತ್ಕಾರದ ಮಾತೆಂದೇ ಎಲ್ಲರೂ ತಿಳಿದರು. ನಾನು ನೆಲ ನೋಡುತ್ತ ನಿಂತಿದ್ದೆ. ವೈದ್ಯರ ಸಲಹೆ, ನನ್ನ ಸಂಘಟನೆಯ ಪ್ರಚಾರ, ಅಮ್ಮನವರ ಬೇಡಿಕೆ, ಯಾವುದೂ ಮಾಡಲಾಗದ್ದನ್ನು ನಮ್ಮ ತಿರಸ್ಕಾರ ಮಾಡಿತ್ತು. ಅವರನ್ನು ಗೌರವಿಸಿದಷ್ಟು ಕಾಲ ನಾವು ಅವರಿಗೆ ಕೇಡು ಮಾಡಿದೆವು. ಅವಮಾನಿಸಿದ ದಿನದಿಂದ ಅವರು ಚೇತರಿಸಿಕೊಂಡರು. ಇದನ್ನು ಆರೋಗ್ಯದ ಯಶೋಗಾಥೆಯೆಂದು ಯಾವ ವೇದಿಕೆಯಲ್ಲಿ ಹೇಗೆ ಹೇಳಲಿ? ಗೌರವಿಸಿದಾಗಲೇ ಅಳತೆಯರಿತು ಬಡಿಸಿದ್ದರೆ ಆ ಬೆರಳುಗಳೂ ಉಳಿಯುತ್ತಿದ್ದವು, ಗೌರವವೂ ಉಳಿಯುತ್ತಿತ್ತು. ಅಯ್ಯನವರು ಹೀಗೆ ಹಲವು ವರ್ಷ ಬದುಕಿದರು. ನಮ್ಮ ಮನೆಗಳನ್ನು ಅವರು ಒಮ್ಮೆಯೂ ಆಡಿಕೊಳ್ಳಲಿಲ್ಲ.

ಅವರು ಹೋದ ಮೇಲೆ ಮುರುಮದಲ್ಲಿ ಆರಾಧನೆ ನಡೆಯಿತು. ಕರೆಯುವುದನ್ನು ಬಿಟ್ಟಿದ್ದ ಮನೆಗಳೆಲ್ಲ ಬಂದವು. ಸತ್ತವರ ಕಾಲಿಗೆ ಊನವಿರುವುದಿಲ್ಲವೆಂದು ಕಾಣುತ್ತದೆ. ಬೇಳೆ, ಬೆಲ್ಲ, ತುಪ್ಪವನ್ನು ಮನೆಮನೆಯವರು ಹೊತ್ತು ತಂದಿದ್ದರು. ಮಠಗಳಿಂದ, ಗಡಿಯಾಚೆಯ ಊರುಗಳಿಂದ ಬಂದ ಜಂಗಮರನ್ನು ಸಾಲಾಗಿ ಕೂರಿಸಿ ಪಾದ ತೊಳೆದರು. ಸಾಲಿನ ಮೊದಲಲ್ಲಿ ಅವರ ಅಣ್ಣನ ಮಗ. ಮೋಟಾರ್‌ಸೈಕಲ್ ನಡೆಸುತ್ತಿದ್ದ ಆ ತೆಳ್ಳನೆಯ ಹುಡುಗ ಈಗ ತುಂಬಿದ ಮೈಯವನು. ನನ್ನ ವೈನಿ, ಅಣ್ಣನ ಹೆಂಡತಿ, ಹೋಳಿಗೆಯ ಬುಟ್ಟಿ ಹಿಡಿದು ಬಡಿಸುತ್ತಿದ್ದಳು. ಅವನ ತಾಟಿಗೆ ಒಂದು ಹಾಕಿದಳು, ಅವನು ಉಂಡ. ಇನ್ನೊಂದು ಹಾಕಿದಳು, ಅದನ್ನೂ ಉಂಡ. ಮೂರನೆಯದಕ್ಕೆ ಅವನು ಕೈ ಅಡ್ಡ ತಂದು ನಕ್ಕ, ಎಲ್ಲರೂ ನಕ್ಕರು.

ಒಳಗೆ ಕೂತಿರಬೇಕಾದ ಅಮ್ಮನವರು ಆಗ ಹೊರಗೆ ಬಂದು, ಸಾಲಿನ ಮುಂದೆ ಬಗ್ಗಿ, ಅವನ ತಾಟಿನ ಮೇಲೆ ತಮ್ಮ ಅಂಗೈಯನ್ನು ಮುಚ್ಚಿದರು.

“ಬ್ಯಾಡ. ಇವಂಗೂ ಸಕ್ಕರಿ ಬಂದದ.”

“ಅಮ್ನೋರ, ಅಯ್ನೋರ ಹೆಸರೀಲೆ ಮಾಡಿದ್ದದ,” ಎಂದಳು ವೈನಿ, ಹೋಳಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ.

“ಅವರ ಹೆಸರೀಲೇ ಬ್ಯಾಡ ಅನ್ಲತ್ತೀನಿ.”

ಸಾಲಿನವರು ತಿರುಗಿ ನೋಡಿದರು. ಆ ಕಬ್ಬಿನ ಮನೆಯವರಿದ್ದರು, ನನ್ನ ಅಣ್ಣನಿದ್ದ, ನಾನಿದ್ದೆ. ಅಮ್ಮನವರ ಕೈ ತಾಟಿನ ಮೇಲಿಂದ ಕದಲಲಿಲ್ಲ. ಹಿಡಿದದ್ದನ್ನು ಬುಟ್ಟಿಗೆ ಹಿಂದಿರುಗಿಸುವುದು ವೈನಿಗೆ ಅಪಶಕುನವೆನಿಸಿತೇನೋ. ಅವಳು ಅತ್ತಿತ್ತ ನೋಡಿದಳು. ಪಕ್ಕದಲ್ಲಿ ಗಡಿಯಾಚೆಯಿಂದ ಬಂದ ವಯಸ್ಸಾದ ಜಂಗಮರೊಬ್ಬರು ತಲೆತಗ್ಗಿಸಿ ಉಣ್ಣುತ್ತಿದ್ದರು. ಹೋಳಿಗೆಯನ್ನು ಅವರ ತಾಟಿಗೆ ಹಾಕಿ, ಮೇಲೆ ತುಪ್ಪ ಬಿಟ್ಟು, ವೈನಿ ಮುಂದೆ ಹೋದಳು. ಅವರು ಬೇಡವೆನ್ನಲಿಲ್ಲ. ನಾನು ಅವರ ಪಾದಗಳನ್ನು ನೋಡಲು ಬಗ್ಗಿದೆ. ಮಡಿಚಿ ಕೂತಿದ್ದ ಕಾಲುಗಳ ಮೇಲೆ ಧೋತರ ಮುಚ್ಚಿತ್ತು.